ಆರೂವರೆ ಮಿಲಿಮೀಟರಿನ ಆಸೆ

ಯಾವುದೇ ವಸ್ತುವನ್ನು ಕೊಳ್ಳುವುದಕ್ಕಿಂತ, ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವುದರಲ್ಲಿ ಹೆಚ್ಚಿನ ಸುಖವಿದೆ ಎಂದು ನಂಬಿರುವವರಲ್ಲಿ ನಾನೂ ಒಬ್ಬ. ಕೊಂಡುಬಿಟ್ಟರೆ ಅಲ್ಲಿಗೆ ಮುಗಿಯಿತು. ಮನೆಗೆ ಬಂದ ವಸ್ತು ನಾಲ್ಕು ದಿನ ಹೊಳೆದು ಐದನೆಯ ದಿನ ಮೂಲೆ ಸೇರುತ್ತದೆ. ಕೊಳ್ಳದೆ ಉಳಿದ ವಸ್ತುವಿಗೆ ಮಾತ್ರ ಮುಪ್ಪಿಲ್ಲ, ಧೂಳಿಲ್ಲ, ರಿಪೇರಿಯಿಲ್ಲ. ನಮ್ಮ ಮನೆಗೆ ಪ್ರೆಷರ್ ಕುಕ್ಕರ್ ಬೇಕಾದಾಗ ಮೂರು ಲೀಟರಿನದೋ ಐದು ಲೀಟರಿನದೋ ಎಂದು ನಾನು ಆರಂಭಿಸಿದ ವಿಚಾರಣೆ ಬೇಸಿಗೆಯಲ್ಲಿ ಶುರುವಾಗಿ ಗಣೇಶನ ಹಬ್ಬ ಬಂದರೂ ಮುಗಿದಿರಲಿಲ್ಲ. ಮೂರರ ಗುಣಗಳು ಎಡಕ್ಕೆ, ಐದರ ಗುಣಗಳು ಬಲಕ್ಕೆ, ನಡುವೆ ಒಂದು ಗೆರೆ. ಒಂದು ಸಂಜೆ ನನ್ನ ಹೆಂಡತಿ ವಿದ್ಯಾ, ನಾವಿರುವ ಡಬ್ಲಿನ್ನಿನ ಬ್ಲಾಂಚರ್ಡ್ಸ್‌ಟೌನ್ ಬಡಾವಣೆಯ ಅಂಗಡಿಗೆ ಹೋಗಿ ನಾಲ್ಕು ಲೀಟರಿನದನ್ನು ತಂದು ಒಲೆಯ ಮೇಲಿಟ್ಟಳು. “ಇದು ನನ್ನ ಪಟ್ಟಿಯಲ್ಲೇ ಇರಲಿಲ್ಲವಲ್ಲೇ!” ಎಂದೆ. “ಅದಕ್ಕೇ ತಂದೆ” ಎಂದಳು. ಆ ಕುಕ್ಕರಿನಲ್ಲಿ ಅನ್ನ ಚೆನ್ನಾಗಿಯೇ ಆಗುತ್ತದೆ. ಆದರೂ ಅದು ಸೀಟಿ ಹಾಕಿದಾಗಲೆಲ್ಲ ನನ್ನನ್ನೇ ಅಣಕಿಸುತ್ತಿದೆ ಎನಿಸುತ್ತದೆ.

ನನ್ನ ಇನ್ನೊಂದು ದೌರ್ಬಲ್ಯ ದಿನಚರಿ. ತಾರೀಖು ಹಾಕಿ, ಗೆರೆ ಎಳೆದು ಬರೆದಿಡದಿದ್ದರೆ ಆ ದಿನ ನಡೆದದ್ದೇ ಹೌದೋ ಅಲ್ಲವೋ ಎಂದು ನನಗೆ ಅನುಮಾನ. ಬೆಂಗಳೂರಿನಲ್ಲಿದ್ದಾಗ ‘ಇವತ್ತು ಮಳೆ ಬಂತೇ?’ ಎಂಬ ಒಂದು ಕಾಲಂ ಇಟ್ಟುಕೊಂಡಿದ್ದೆ. ಐರ್ಲೆಂಡಿಗೆ ಬಂದ ಮೊದಲ ತಿಂಗಳಲ್ಲೇ ಅದರ ಸ್ವಾರಸ್ಯ ಹೋಯಿತು. ಹೊಡೆದುಹಾಕಿ ‘ಮಳೆ ನಿಂತಿತೇ?’ ಎಂದು ತಿದ್ದಿಕೊಂಡೆ. ಹೊಟ್ಟೆಪಾಡಿನ ಕೆಲಸವೂ ಇದೇ ಜಾತಿಯದು. ಕ್ಲಾಂಡಾಲ್ಕಿನ್‌ನ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಅಂದರೆ, ಬೇರೆಯವರು ಖುಷಿಯಿಂದ ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿ, ಅದಕ್ಕೊಂದು ನಂಬರು ಕೊಟ್ಟು, ಅವರ ಖುಷಿ ಕೆಡಿಸುವುದು. ಒಳ್ಳೆಯ ಟೆಸ್ಟರ್ ಎಂದು ಹೆಸರಿದೆ. ಈ ಹೆಸರು ಮುಂದೆ ನನಗೆ ಎಷ್ಟು ಉಪಯೋಗಕ್ಕೆ ಬಂತು ಎಂಬುದನ್ನೇ ಹೇಳಹೊರಟಿದ್ದೇನೆ.

ಇಂಥವನ ಕೈಗೆ ಕೋವಿ ಹೇಗೆ ಬಂತು ಎಂದು ನೀವು ಕೇಳಬಹುದು. ಬೆಂಗಳೂರಿನಿಂದ ನನ್ನ ಅಮ್ಮ ಈಗಲೂ ಕೇಳುತ್ತಾಳೆ. ತಪ್ಪೆಲ್ಲ ನನ್ನ ಸಹೋದ್ಯೋಗಿ ಡೆಕ್ಲನ್‌ನದು. ಒಂದು ಭಾನುವಾರ ಅವನು ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದ. ನನಗೆ ಅಲ್ಲಿ ಕೋವಿಗಿಂತ ಹೆಚ್ಚಾಗಿ ಹಿಡಿಸಿದ್ದು ಕೋವಿಯ ಸುತ್ತಲಿನ ಅಂಕಿಗಳು. ಗುಂಡಿನ ತೂಕ, ವೇಗ, ನೂರು ಮೀಟರಿಗೆ ಎಷ್ಟು ಇಳಿಯುತ್ತದೆ, ಗಾಳಿ ಪಕ್ಕದಿಂದ ಬೀಸಿದರೆ ಎಷ್ಟು ಸರಿಯುತ್ತದೆ. ಇಷ್ಟೊಂದು ಕಾಲಂಗಳಿರುವ ಹವ್ಯಾಸ ಜಗತ್ತಿನಲ್ಲಿದೆ ಎಂದು ನನಗೆ ಅಲ್ಲಿಯತನಕ ಯಾರೂ ಹೇಳಿರಲಿಲ್ಲ. ಲೈಸೆನ್ಸಿಗೆ ಅರ್ಜಿ ಹಾಕಿದೆ. ಕೋವಿ ಇಡಲು ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ ಬೇಕು ಎಂದರು. ನಮ್ಮದು ಬಾಡಿಗೆ ಮನೆ. ಗೋಡೆ ಕೊರೆಯಲೇ ಎಂದು ಮನೆಯ ಮಾಲೀಕನನ್ನು ಕೇಳಿದರೆ ಅವನು ಕಣ್ಣು ಮಿಟುಕಿಸಿ, “ಗೊತ್ತು ಬಿಡಿ, ನಿಮ್ಮವರ ಮನೆಯಲ್ಲಿ ಬಂಗಾರ ಜಾಸ್ತಿ, ಹುಷಾರಾಗಿರಬೇಕು” ಎಂದ. ಒಳಗಿಡುವುದು ಬಂಗಾರವಲ್ಲ ಎಂದು ಹೇಳಿದ ಮೇಲೆ ಅವನಿಗೆ ಸ್ವಲ್ಪ ನಿರಾಸೆಯಾದ ಹಾಗೆ ಕಂಡಿತು.

ಆಮೇಲೆ ಜಿಂಕೆ. ಡಬ್ಲಿನ್ನಿನ ದಕ್ಷಿಣಕ್ಕಿರುವ ವಿಕ್ಲೋ ಬೆಟ್ಟಗಳಲ್ಲಿ ಜಿಂಕೆಗಳು ಎಷ್ಟಿವೆ ಎಂದರೆ, ರೈತರು ಅವುಗಳ ಹೆಸರು ಹೇಳುವಾಗ ನಮ್ಮಲ್ಲಿ ಕೋತಿಯ ಹೆಸರು ಹೇಳುವ ದನಿಯಲ್ಲಿ ಹೇಳುತ್ತಾರೆ. ಡೆಕ್ಲನ್‌ಗೆ ಪರಿಚಯವಿದ್ದ ಶೇಮಸ್ ಎಂಬ ರೈತ ಅಲ್ಲಿ ತನ್ನ ಹೊಲದ ಅಂಚಿಗೆ ಓಕ್ ಸಸಿಗಳನ್ನು ನೆಟ್ಟಿದ್ದ. ಜಿಂಕೆಗಳು ರಾತ್ರಿ ಬಂದು ಕುಡಿಯನ್ನೆಲ್ಲ ಮೇಯ್ದು ಹೋಗುತ್ತಿದ್ದವು. ಪರವಾನಗಿ ಇರುವವರು ಬಂದು ಒಂದೆರಡನ್ನು ಹೊಡೆದು ಸಂಖ್ಯೆ ಕಡಿಮೆ ಮಾಡಿದರೆ ಅವನಿಗೆ ಉಪಕಾರ. ಹಾಗೆ ನನಗೆ ಅವನ ಜಮೀನಿನಲ್ಲಿ ಬೇಟೆಯ ಅನುಮತಿ ಸಿಕ್ಕಿತು. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಗಾಬರಿಯಾಗಿ, “ಜಿಂಕೆ ಹೊಡೆದ್ರೆ ಒಳಗೆ ಹಾಕ್ತಾರೆ ಕಣೋ!” ಎಂದಳು. “ಇಲ್ಲಿ ಹೊಡೀದೇ ಇದ್ರೆ ಆಚೆ ಹಾಕ್ತಾರೆ ಕಣಮ್ಮ” ಎಂದೆ. ತಮಾಷೆಗೆ ಹೇಳಿದ ಮಾತು. ನಿಜವಾಗುತ್ತದೆ ಎಂದು ಗೊತ್ತಿದ್ದರೆ ಹೇಳುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಎರಡು ಜಿಂಕೆ ಹೊಡೆದೆ. ಎರಡು ಗುಂಡು, ಎರಡು ಜಿಂಕೆ. ಶೇಮಸ್ ಮೆಚ್ಚಿಕೊಂಡ. ಅವನ ಹೆಂಡತಿ ನೋರೀನ್ ಅಡುಗೆಮನೆಗೆ ಕರೆದು ಚಹಾ, ಸೋಡಾ ಬ್ರೆಡ್ಡು, ಬೆಣ್ಣೆ ಕೊಟ್ಟಳು. ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಶನಿವಾರ ಬೆಳಗ್ಗೆ ಬೆಟ್ಟ, ಆಮೇಲೆ ಆ ಅಡುಗೆಮನೆ. ಈ ದೇಶಕ್ಕೆ ಬಂದು ಇಷ್ಟು ವರ್ಷವಾಯಿತು. ನೆರೆಯವರು ಎದುರಾದರೆ ಹವಾಮಾನ ಮಾತಾಡಿ ಮುಂದೆ ಹೋಗುತ್ತಾರೆ. ಬಾಗಿಲು ತಟ್ಟದೆ ಒಳಗೆ ಹೋಗಿ, ಬೂಟು ಬಿಚ್ಚಿ, ನನ್ನದೇ ಎನ್ನುವ ಕುರ್ಚಿಯಲ್ಲಿ ಕೂರಬಹುದಾದ ಮನೆ ನನಗೆ ಇಡೀ ಐರ್ಲೆಂಡಿನಲ್ಲಿ ಅದೊಂದೇ. ಬೆಟ್ಟದ ಮೇಲಿನ ಜಿಂಕೆ ಆ ಕುರ್ಚಿಯ ಬಾಡಿಗೆ ಎಂಬುದು ನನಗೂ ಗೊತ್ತಿತ್ತು, ಶೇಮಸ್‌ಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಈ ವರ್ಷವೂ ಎಲ್ಲ ಕ್ರಮವಾಗಿಯೇ ಶುರುವಾಯಿತು. ಸೆಪ್ಟೆಂಬರಿನಲ್ಲಿ ಕೋವಿಯನ್ನು ತೆಗೆದು ಪರೀಕ್ಷೆಗಳ ಪಟ್ಟಿ ಮಾಡಿಕೊಂಡೆ. ಗುರಿ ನೋಡುವ ದುರ್ಬೀನಿನ, ಅಂದರೆ ಸ್ಕೋಪಿನ, ತಿರುಪುಗಳು ಬಿಗಿಯಾಗಿವೆಯೇ? ಹೌದು. ನಳಿಗೆ ಕೆಳಗಿನ ಮರಕ್ಕೆ ತಾಗುತ್ತಿದೆಯೇ? ಇದು ಬಹಳ ಮುಖ್ಯ. ಗುಂಡು ಹಾರುವಾಗ ನಳಿಗೆ ನಡುಗುತ್ತದೆ. ನಡುಗುವುದಕ್ಕೆ ಅದಕ್ಕೆ ಸುತ್ತಲೂ ಒಂದಿಷ್ಟು ಜಾಗ ಬೇಕು. ಮರಕ್ಕೆ ತಾಗಿದರೆ ಗುಂಡು ಎಲ್ಲೆಂದರಲ್ಲಿ ಹೋಗುತ್ತದೆ. ಹಾಗಾಗಿ ಒಂದು ಕಾಗದದ ಹಾಳೆಯನ್ನು ಆ ಸಂದಿಯಲ್ಲಿ ತುದಿಯಿಂದ ಬುಡದವರೆಗೆ ಎಳೆದು ನೋಡಬೇಕು. ಹಾಳೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಗುರುತು ಹಾಕಿದೆ. ಕ್ಲಬ್ಬಿನಲ್ಲಿ ಮೂರು ಗುಂಡು ಹೊಡೆದೆ. ಮೂರೂ ಎರಡು ಯೂರೋ ನಾಣ್ಯವೊಂದರಡಿ ಮುಚ್ಚಿಹೋಗುವಷ್ಟು ಹತ್ತಿರ. ಮತ್ತೊಂದು ಗುರುತು.

ಅಕ್ಟೋಬರಿನಲ್ಲಿ ದಸರೆಗೆ ಮೈಸೂರಿನಿಂದ ಅತ್ತೆ ಬಂದರು. ವಿದ್ಯಾಳ ತಾಯಿ ಸರೋಜಮ್ಮ. ಮೊಟ್ಟೆ ಹಾಕಿದ ಕೇಕನ್ನು ಮೂಸಿ ನೋಡಿಯೇ ಕಂಡುಹಿಡಿಯುವವರು. ಅವರು ಬಂದರೆ ನಮ್ಮ ಮನೆಯಲ್ಲಿ ಎರಡು ಬದಲಾವಣೆಗಳಾಗುತ್ತವೆ. ಫ್ರಿಜ್ಜಿನ ಕೆಳಗಿನ ಖಾನೆ ಖಾಲಿಯಾಗುತ್ತದೆ; ವರ್ಷವಿಡೀ ನನ್ನನ್ನು ನೀನು, ತಾನು ಎನ್ನುವ ವಿದ್ಯಾ ಇದ್ದಕ್ಕಿದ್ದ ಹಾಗೆ “ರೀ, ಬನ್ರೀ, ಊಟಕ್ಕೆ ಏಳ್ರೀ” ಎನ್ನತೊಡಗುತ್ತಾಳೆ. ಮೊದಲ ಎರಡು ದಿನ ಯಾರನ್ನೋ ಕರೆಯುತ್ತಿದ್ದಾಳೆ ಎಂದು ನಾನು ಹಿಂದೆ ತಿರುಗಿ ನೋಡುವುದುಂಟು.

ಆಯುಧಪೂಜೆಯನ್ನು ಅತ್ತೆ ಮನೆಯ ಒಂದು ತಿರುಪುಳಿಯನ್ನೂ ಬಿಡದೆ ಮಾಡಿದರು. ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ, ಮಿಕ್ಸಿಗೆ ಹೂವು, ವ್ಯಾಕ್ಯೂಮ್ ಕ್ಲೀನರಿಗೆ ವಿಭೂತಿಯ ಪಟ್ಟೆ, ಕಾರಿನ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಒಡೆಯುವುದಕ್ಕೆ ಬೂದುಗುಂಬಳಕಾಯಿ ಎಲ್ಲೂ ಸಿಗಲಿಲ್ಲ. ಆದರೆ ಇಲ್ಲಿ ಆ ಹೊತ್ತಿಗೆ ಹ್ಯಾಲೋವೀನ್ ಎಂದು ಅಂಗಡಿಗಳ ಮುಂದೆಲ್ಲ ಕೆಂಪು ಕುಂಬಳಕಾಯಿ ರಾಶಿ ಹಾಕಿರುತ್ತಾರೆ. ಅದರಲ್ಲೊಂದನ್ನು ತಂದು ಕುಂಕುಮ ತುಂಬಿ ಗೇಟಿನ ಮುಂದೆ ಒಡೆದೆ. ಎದುರು ಮನೆಯ ಹೆಂಗಸು ಕಿಟಕಿಯಿಂದ ನೋಡಿ, ಹಬ್ಬಕ್ಕೆ ಇನ್ನೂ ದಿನವಿದೆ, ಇವರು ಆಗಲೇ ಶುರುಮಾಡಿದರಲ್ಲ ಎಂದು ಮೆಚ್ಚುಗೆಯಿಂದ ತಲೆಯಾಡಿಸಿದಳು. ಕೊನೆಗೆ ಅತ್ತೆ, “ಅಳಿಯಂದ್ರೇ, ಎಲ್ಲಾ ಆಯ್ತು, ನಿಜವಾದ ಆಯುಧ ಒಂದೇ ಬಿಟ್ಟೋಯ್ತಲ್ಲ?” ಎಂದರು. ನನಗೆ ಆಶ್ಚರ್ಯವಾಯಿತು. ಆ ಕೋವಿಯ ಬಗ್ಗೆ ಅವರು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಸಂತೋಷದಿಂದ ಪೆಟ್ಟಿಗೆ ತೆರೆದು, ಗುಂಡು ಸಿಡಿಸುವ ಭಾಗವಾದ ಬೋಲ್ಟನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಬರೀ ಕೋವಿಯನ್ನು ಮಣೆಯ ಮೇಲಿಟ್ಟೆ. ಅತ್ತೆ ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿದರು, ಕುಂಕುಮ ಇಟ್ಟರು, ಅಕ್ಷತೆ ಹಾಕಿದರು. ಫೋಟೊ ತೆಗೆಯೋಣವೆಂದು ನಾನು ಫೋನು ತರುವಷ್ಟರಲ್ಲಿ ಮಂಗಳಾರತಿಯೂ ಆಗಿತ್ತು. ಮಾರನೆಯ ದಿನ ಕುಂಕುಮವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಕೋವಿಯನ್ನು ಒಳಗಿಟ್ಟೆ. ಇಷ್ಟನ್ನು ಹೇಳಿದ್ದು ಹಬ್ಬದ ವೈಭವ ನಿಮಗೂ ತಿಳಿಯಲಿ ಎಂದು. ಅತ್ತೆ ಆ ತಿಂಗಳ ಕೊನೆಗೆ ವಾಪಸು ಹೋದರು. ಅವರು ಇರುವಷ್ಟು ದಿನ ನಾನು ಬೆಟ್ಟಕ್ಕೆ ಹೋಗಲಿಲ್ಲ. ರಕ್ತದ ಬೂಟು ಹಾಕಿಕೊಂಡು ಅವರೆದುರು ಬರುವಷ್ಟು ಧೈರ್ಯ ಯಾವ ಅಳಿಯನಿಗಿದೆ?

ನವೆಂಬರಿನ ಮೊದಲ ಶನಿವಾರ ಶೇಮಸ್‌ನ ಹೊಲದ ಕಲ್ಲುಗೋಡೆಯ ಆಚೆ ಒಂದು ಜಿಂಕೆ ನಿಂತಿತ್ತು. ಶೇಮಸ್ ನನ್ನ ಪಕ್ಕದಲ್ಲೇ ಮಲಗಿ ನೋಡುತ್ತಿದ್ದ. ಹೊಡೆದೆ. ಜಿಂಕೆ ತಲೆಯೆತ್ತಿ ನಮ್ಮ ಕಡೆ ನೋಡಿ, ಅವಸರವಿಲ್ಲದೆ ಹೊರಟುಹೋಯಿತು. ಶೇಮಸ್‌ನ ನಾಯಿ ಅಲ್ಲೆಲ್ಲ ಮೂಸಿ ಒಂದು ಹನಿ ರಕ್ತವೂ ಇಲ್ಲವೆಂದು ಖಚಿತಪಡಿಸಿ ಬಂದು ನನ್ನ ಮುಖವನ್ನೇ ನೋಡುತ್ತಾ ಕುಳಿತಿತು. ಮುಂದಿನ ಶನಿವಾರವೂ ಅದೇ. ನಾಯಿಯ ಮುಖಭಾವವೂ ಅದೇ. ಮನೆಗೆ ಬಂದರೆ, ಇಲ್ಲೇ ಹುಟ್ಟಿದ ನನ್ನ ಮಗಳು ಈರಾ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವವಳು, ನನ್ನ ಬೆನ್ನು ತಟ್ಟಿ, “ಆಹ್ ಶೂರ್, ಯು ಆರ್ ಗ್ರ್ಯಾಂಡ್, ಡ್ಯಾಡಿ” ಎಂದಳು. ಏನೂ ಆಗಿಲ್ಲ ಬಿಡು ಎಂಬ ಅರ್ಥದಲ್ಲಿ ಇಲ್ಲಿಯವರು ಕಾಲು ಮುರಿದುಕೊಂಡವನಿಗೂ ಇದೇ ಮಾತು ಹೇಳುತ್ತಾರೆ.

ಕ್ಲಬ್ಬಿಗೆ ಹೋಗಿ ಕಾಗದದ ಮೇಲೆ ಹೊಡೆದು ನೋಡಿದೆ. ಸೆಪ್ಟೆಂಬರಿನಲ್ಲಿ ನಾಣ್ಯದಡಿ ಮುಚ್ಚಿಹೋಗುತ್ತಿದ್ದ ಗುಂಡುಗಳು ಈಗ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ದೂರದೂರ ಬಿದ್ದಿದ್ದವು. ಗೆರೆ ಎಳೆದರೆ ಒಂದು ಕಮಲವಾಗುತ್ತಿತ್ತು. ಸ್ಕೋಪನ್ನು ತಿರುಗಿಸಿ ಸರಿಮಾಡಿದೆ. ಮುಂದಿನ ವಾರ ಅದೇ ಕಮಲ, ಬೇರೆ ಜಾಗದಲ್ಲಿ. ನನ್ನ ಹಿಂದೆ ನಿಂತು ನೋಡುತ್ತಿದ್ದ ಡೆಕ್ಲನ್ ಒಂದೇ ಮಾತು ಹೇಳಿದ. “ನಿನ್ನದು ಟೂ ಫಾರ್ಟಿ ತ್ರೀ ಅಲ್ಲವೇ? ಅದೇ ತೊಂದರೆ. ಆರೂವರೆಗೆ ಬದಲಾಯಿಸು.”

ಇಲ್ಲಿ ಸ್ವಲ್ಪ ವಿವರಿಸಬೇಕು. ಕ್ಯಾಲಿಬರ್ ಎಂದರೆ ಕೋವಿಯ ನಳಿಗೆಯ ಒಳಗಲ. ಗುಂಡಿನ ದಪ್ಪ ಎಂದುಕೊಂಡರೂ ನಡೆಯುತ್ತದೆ. ನನ್ನದನ್ನು ಇಂಚಿನ ಲೆಕ್ಕದಲ್ಲಿ ಟೂ ಫಾರ್ಟಿ ತ್ರೀ ಎನ್ನುತ್ತಾರೆ. ಡೆಕ್ಲನ್ ಹೇಳಿದ್ದು ಆರೂವರೆ ಮಿಲಿಮೀಟರಿನದು. ಎರಡಕ್ಕೂ ಇರುವ ವ್ಯತ್ಯಾಸ ಸುಮಾರು ಅರ್ಧ ಮಿಲಿಮೀಟರ್. ಈ ಅರ್ಧ ಮಿಲಿಮೀಟರಿಗಾಗಿ ಮನುಷ್ಯರು ಸ್ನೇಹ ಕಳೆದುಕೊಳ್ಳುವುದನ್ನು ನಾನು ಆ ಕ್ಲಬ್ಬಿನಲ್ಲಿ ಕಣ್ಣಾರೆ ಕಂಡೆ. ಬೆಂಗಳೂರಿನಲ್ಲಿ ಯಾವ ಹೋಟೆಲಿನ ಮಸಾಲೆ ದೋಸೆ ಮೇಲು ಎಂದು ನಾಲ್ಕು ಜನರನ್ನು ಕೇಳಿ ನೋಡಿ, ಅದೇ ಆವೇಶ, ಅದೇ ಹಳೆಯ ದ್ವೇಷ, ಅದೇ “ನೀನು ಇನ್ನೂ ಅಲ್ಲೇ ತಿಂತಿದ್ದೀಯಾ?” ಎನ್ನುವ ಕನಿಕರ. ಆರೂವರೆ ಗಾಳಿಗೆ ಜಗ್ಗುವುದಿಲ್ಲ ಎಂದ ಒಬ್ಬ. ಆರೂವರೆ ಬರೀ ಫ್ಯಾಷನ್ನು, ನಮ್ಮಜ್ಜ ಟೂ ಫಾರ್ಟಿ ತ್ರೀಯಲ್ಲೇ ಬೆಟ್ಟ ಖಾಲಿ ಮಾಡಿದ್ದ ಎಂದ ಇನ್ನೊಬ್ಬ. ಹಾಗಾದರೆ ಇಷ್ಟೊಂದು ಜಿಂಕೆ ಎಲ್ಲಿಂದ ಬಂದವು ಎಂದು ಮೂರನೆಯವನು ಕೇಳಿದ. ಅಲ್ಲಿಂದ ಮುಂದೆ ಅವರಿಗೆ ನನ್ನ ನೆನಪಿರಲಿಲ್ಲ.

ನನಗಾದರೋ ಒಳಗೊಳಗೇ ಹಬ್ಬ. ಕುಕ್ಕರಿನ ನಂತರ ಇಂಥ ಒಂದು ತೂಗುವ ವಿಷಯ ಸಿಕ್ಕಿರಲಿಲ್ಲ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕೋವಿಯಲ್ಲ. ನನ್ನ ತೋಳಿನ ಉದ್ದಕ್ಕೆ ಮರ ಕೆತ್ತಿಸಿ, ಹಳೆಯ ಕೋವಿಯ ಯಂತ್ರಭಾಗವನ್ನೇ ಉಳಿಸಿಕೊಂಡು, ಹೊಸ ಆರೂವರೆ ನಳಿಗೆ ಹಾಕಿಸಿ, ಹೇಳಿ ಮಾಡಿಸಿದ ಕೋವಿ. ವಾಲ್‌ನಟ್ ಮರವೋ ಪದರಪದರವಾಗಿ ಅಂಟಿಸಿದ ಮರವೋ? ನಳಿಗೆ ದಪ್ಪವೋ ತೆಳುವೋ? ಹೊಸ ಕಾಲಂಗಳು ಹುಟ್ಟಿದವು. ವಿದ್ಯಾ ಒಂದು ದಿನ ಬಗ್ಗಿ ನೋಡಿ ಕೇಳಿದಳು.

“ಅದೇ ಕೋವೀಲಿ ಹೋದ ವರ್ಷ ಎರಡು ಹೊಡೆದ್ಯಲ್ಲ?”

“ಹೋದ ವರ್ಷ ಗಾಳಿ ಕಡಿಮೆ ಇತ್ತು.”

“ಐರ್ಲೆಂಡಲ್ಲಿ?”

“ನೀನು ಡೇಟಾ ನೋಡಿಲ್ಲ, ವಿದ್ಯಾ.”

“ನಾನು ಜಿಂಕೆ ನೋಡ್ಲಿಲ್ಲ, ಅಷ್ಟೇ. ಡೇಟಾ ಫ್ರೀಜರ್‌ನಲ್ಲಿ ಇಡೋಕಾಗಲ್ಲ.”

ಶೇಮಸ್‌ಗೂ ಡೇಟಾ ಬೇಕಿರಲಿಲ್ಲ. ನವೆಂಬರಿನ ಕೊನೆಯ ಶನಿವಾರ ಅಡುಗೆಮನೆಯಲ್ಲಿ ಚಹಾ ಬಂತು, ಬ್ರೆಡ್ಡು ಬಂತು. ಶೇಮಸ್ ಮಾತ್ರ ಬಹಳ ಹೊತ್ತು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ನೆಟ್ಟ ಸಸಿಗಳಲ್ಲಿ ಮೇಲಿನ ಸಾಲು ಪೂರ್ತಿ ಹೋಗಿತ್ತು. ಕೊನೆಗೆ ಅವನು, “ನನ್ನ ಭಾವಮೈದುನನ ಕಡೆ ನಾಲ್ಕು ಜನ ಹುಡುಗರಿದ್ದಾರೆ, ಅವರೂ ಬೇಟೆಯವರೇ” ಎಂದ. ನಾನು ಹೌದೇ ಎಂದೆ. “ಕ್ರಿಸ್‌ಮಸ್‌ವರೆಗೆ ನೋಡೋಣ. ಆಮೇಲೂ ಹೀಗೇ ಆದರೆ ಜಾಗ ಅವರಿಗೆ ಕೊಡಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡ” ಎಂದ. ಒಂದು ಜಮೀನಿನಲ್ಲಿ ಎರಡು ಗುಂಪಿಗೆ ಅನುಮತಿ ಕೊಡುವುದು ಅಪಾಯ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೋರೀನ್ ನನ್ನ ಕಪ್ಪಿಗೆ ಕೇಳದೆಯೇ ಇನ್ನಷ್ಟು ಚಹಾ ಹಾಕಿದಳು. ಆ ಕುರ್ಚಿಯಲ್ಲಿ ಕೂತು ಮೊದಲ ಬಾರಿಗೆ ನನಗೆ, ಇದು ನನ್ನದಲ್ಲ ಎನಿಸಿತು.

ಇನ್ನು ಯೋಚಿಸುತ್ತ ಕೂರುವಂತಿರಲಿಲ್ಲ. ಇದು ನನಗೆ ಹೊಸ ಅನುಭವ. ಕ್ಯಾಲಿಬರ್ ಬದಲಾಯಿಸಬೇಕಾದರೆ ಇಲ್ಲಿನ ಪೊಲೀಸರ, ಅಂದರೆ ಗಾರ್ಡಾದವರ, ಅಪ್ಪಣೆ ಬೇಕು. ಠಾಣೆಯಲ್ಲಿದ್ದ ಅಧಿಕಾರಿ ನನ್ನ ಕೋಷ್ಟಕಗಳನ್ನು ಒಂದೊಂದಾಗಿ ತಿರುವಿ, “ಕಾರಣ ಎಂಬಲ್ಲಿ ಒಂದು ಸಾಲು ಬರೆದರೆ ಸಾಕಿತ್ತು” ಎಂದ. ಅರ್ಜಿ ಕೊಟ್ಟಾದ ಮೇಲೆ ಕಿಲ್ಡೇರ್ ಕಡೆ ಕೋವಿ ಮಾಡಿಕೊಡುವ ಫ್ರಾಂಕ್ ಎಂಬವನ ವರ್ಕ್‌ಶಾಪಿಗೆ ಹಳೆಯ ಕೋವಿಯನ್ನು ತೆಗೆದುಕೊಂಡು ಹೋದೆ. ಫ್ರಾಂಕ್‌ನಿಗೆ ಮಾತೆಂದರೆ ಪ್ರಾಣ. ಯಾವ ಗಿರಾಕಿ ಯಾವ ಕ್ಯಾಲಿಬರ್ ಕೇಳಿದರೂ ಅದೇ ಜಗತ್ತಿನಲ್ಲಿ ಶ್ರೇಷ್ಠ ಎಂದು ಒಪ್ಪಿಕೊಳ್ಳುವ ಔದಾರ್ಯವೂ ಇತ್ತು. “ಆರೂವರೆಯೇ? ಸರಿಯಾದ ತೀರ್ಮಾನ” ಎಂದು ನನ್ನ ಕೈ ಕುಲುಕಿ, ಅಳತೆ ತೆಗೆಯಲು ಕೋವಿಯ ತಿರುಪು ಬಿಚ್ಚಿ, ನಳಿಗೆಯನ್ನು ಮರದಿಂದ ಮೇಲಕ್ಕೆತ್ತಿದ.

ಟಕ್ ಎಂದು ಏನೋ ಮೇಜಿನ ಹಸಿರು ಬಟ್ಟೆಯ ಮೇಲೆ ಬಿತ್ತು. ಇನ್ನೊಂದು ಬಿತ್ತು. ಮೂರನೆಯದು ಮರದ ತೋಡಿಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಅದನ್ನು ಫ್ರಾಂಕ್ ಸಣ್ಣ ಚಿಮುಟದಿಂದ ಎಬ್ಬಿಸಿ ಬೆಳಕಿಗೆ ಹಿಡಿದ. ಹಳದಿ ಬಣ್ಣದ ಅಕ್ಕಿಕಾಳು. ಒಂದು ಬದಿಗೆ ನಳಿಗೆ ಒತ್ತಿ ಒತ್ತಿ ಕಪ್ಪು ಗುರುತಾಗಿತ್ತು. ಆ ಕಾಳಿನ ದಪ್ಪ ಎಷ್ಟಿದ್ದೀತು, ಒಂದೂವರೆ ಮಿಲಿಮೀಟರ್. ನನ್ನ ಯಾವ ಕಾಲಂನಲ್ಲೂ ಆ ಅಳತೆ ಇರಲಿಲ್ಲ.

“ನಿಮ್ಮ ಮನೆಯಲ್ಲಿ ಇಲಿ ಇದೆ” ಎಂದ ಫ್ರಾಂಕ್, ಬಹಳ ಗಂಭೀರವಾಗಿ. “ಇಲಿಗಳು ಹೀಗೇ, ಚಳಿಗಾಲಕ್ಕೆಂದು ಸಂದಿಯಲ್ಲಿ ಕಾಳು ಕೂಡಿಡುತ್ತವೆ. ಆದರೆ ಉಕ್ಕಿನ ಪೆಟ್ಟಿಗೆಯೊಳಗೆ ಹೇಗೆ ಬಂತು ಅಂತ?”

ಆ ಅರಿಶಿನದ ಬಣ್ಣ ನೋಡಿದ ಕ್ಷಣವೇ ಮಣೆ, ಮಂಗಳಾರತಿ, ಫೋನು ತರಲು ಹೋದ ನಾನು, ಎಲ್ಲ ಕಣ್ಣ ಮುಂದೆ ಬಂದಿತ್ತು. ಸೆಪ್ಟೆಂಬರಿನಲ್ಲಿ ಹಾಳೆ ಎಳೆದು ನೋಡಿ ಗುರುತು ಹಾಕಿದ್ದ ಪರೀಕ್ಷೆಯನ್ನು ನವೆಂಬರಿನಲ್ಲಿ ಇನ್ನೊಮ್ಮೆ ಮಾಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಒಮ್ಮೆ ಪಾಸಾದ ಪರೀಕ್ಷೆಯನ್ನು, ಯಾರಾದರೂ ಕೈಯಾಡಿಸಿದ ಮೇಲೆ, ಮತ್ತೆ ಮಾಡಲೇಬೇಕು ಎಂಬುದು ನನ್ನ ಕಸುಬಿನ ಮೊದಲ ಪಾಠ. ಅದನ್ನು ಕಲಿಯದ ಇಬ್ಬರು ಹುಡುಗರಿಗೆ ಆಫೀಸಿನಲ್ಲಿ ಅದೇ ತಿಂಗಳು ನಾನು ಒಂದು ಗಂಟೆ ಪಾಠ ಹೇಳಿದ್ದೆ.

“ಹೌದು, ಇಲಿ ಇದೆ” ಎಂದೆ. ಹೊಸ ನಳಿಗೆಯ ವಿಚಾರ ಇನ್ನೊಮ್ಮೆ ಯೋಚಿಸುತ್ತೇನೆ ಎಂದೂ ಹೇಳಿದೆ. ಫ್ರಾಂಕ್‌ನ ಮುಖ ಬಾಡಿತು. ಕೋವಿಯನ್ನು ಜೋಡಿಸಿ ಕೊಡುತ್ತಾ, ಇಲಿಗೆ ಒಳ್ಳೆಯ ಬೋನು ಎಲ್ಲಿ ಸಿಗುತ್ತದೆ ಎಂದು ಮಾತ್ರ ವಿವರವಾಗಿ ತಿಳಿಸಿದ.

ಕ್ಲಬ್ಬಿನಲ್ಲಿ ಮೂರು ಗುಂಡು ಹೊಡೆದು ನೋಡಿದೆ. ಎರಡು ಯೂರೋ ನಾಣ್ಯ ಮತ್ತೆ ಎಲ್ಲವನ್ನೂ ಮುಚ್ಚಿತು. ಕ್ರಿಸ್‌ಮಸ್ಸಿಗೆ ಮುಂಚಿನ ಶನಿವಾರ ಶೇಮಸ್‌ನ ಹೊಲದಲ್ಲಿ ಬೆಳಕು ಹರಿಯುವ ಹೊತ್ತಿಗೆ ಕಲ್ಲುಗೋಡೆಯ ಹತ್ತಿರ ಮಲಗಿದ್ದೆ. ಮಳೆ ನಿಂತಿರಲಿಲ್ಲ. ಒಂದು ಹೆಣ್ಣು ಜಿಂಕೆ ಸಸಿಗಳ ಸಾಲಿಗೆ ಬಂದು ಉಳಿದಿದ್ದ ಒಂದು ಕುಡಿಗೆ ಬಾಯಿ ಹಾಕಿತು. ಒಂದೇ ಗುಂಡು. ಅದು ನಿಂತಲ್ಲೇ ಕುಸಿಯಿತು. ಹತ್ತಿರ ಹೋಗಿ ನಿಂತಾಗ ಪ್ರತಿಸಲದಂತೆ ಮನಸ್ಸಿಗೆ ಒಂಥರಾ ಆಯಿತು. ಯಾವ ಕೋಷ್ಟಕದಲ್ಲೂ ಬರೆಯಲಾಗದ್ದು ಅದೊಂದು. ನಾಯಿ ಬಂದು ಮೂಸಿ ಈ ವರ್ಷ ಮೊದಲ ಬಾರಿಗೆ ನನಗೆ ಬಾಲ ಅಲ್ಲಾಡಿಸಿತು. ಅಡುಗೆಮನೆಯಲ್ಲಿ ಶೇಮಸ್, “ಏನು ಬದಲಾಯಿಸಿದೆ?” ಎಂದು ಕೇಳಿದ. “ನಳಿಗೆಯ ಕೆಳಗೆ ಸ್ವಲ್ಪ ಕಸ ಇತ್ತು” ಎಂದೆ. ಅವನು ಭಾವಮೈದುನನ ವಿಷಯ ಎತ್ತಲಿಲ್ಲ. ನೋರೀನ್ ಬೆಣ್ಣೆಯ ಬಟ್ಟಲನ್ನು ನನ್ನ ಕುರ್ಚಿಯ ಮುಂದಕ್ಕೆ ಸರಿಸಿದಳು. ನನ್ನ ಕುರ್ಚಿ ಎಂದು ಬರೆಯಲು ಈಗ ಅಡ್ಡಿಯಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಆರೂವರೆಯನ್ನು ಮರೆತು ಸುಖವಾಗಿರುತ್ತಿದ್ದೆ. ಮಾರನೆಯ ದಿನ ಭಾನುವಾರ, ಎಂದಿನಂತೆ ಮೈಸೂರಿಗೆ ವಿಡಿಯೊ ಕಾಲ್. ಅತ್ತೆ ಯೋಗಕ್ಷೇಮ ವಿಚಾರಿಸಿ, ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು.

“ಅಳಿಯಂದ್ರೇ, ಬೆಟ್ಟಕ್ಕೆ ಹೋಗ್ತಿದ್ದೀರಾ? ಏನಾದ್ರೂ ಸಿಕ್ತಾ?”

“ಅಯ್ಯೋ, ಎಲ್ಲಿ ಅತ್ತೆ…” ಎಂದು ನಾನು ರಾಗ ಎಳೆಯುವಷ್ಟರಲ್ಲಿ ಈರಾ ಫೋನಿನ ಮುಂದೆ ತಲೆ ತೂರಿಸಿ, “ಅಜ್ಜೀ, ಡ್ಯಾಡಿ ಗಾಟ್ ಒನ್! ಯೆಸ್ಟರ್‌ಡೇ!” ಎಂದು ಕೂಗಿದಳು. ಅಜ್ಜಿಗೆ ಅರ್ಥವಾಗಲೆಂದು ಬೆರಳನ್ನು ಕೋವಿಯ ಹಾಗೆ ಮಾಡಿಯೂ ತೋರಿಸಿದಳು.

ಅತ್ತೆ ಫೋನಿನ ಹತ್ತಿರಕ್ಕೆ ಮುಖ ತಂದರು. “ನಿನ್ನೆ ಹೊಡೆದ್ರಾ? ಅದಕ್ಕೆ ಮುಂಚೆ?”

“ಅದಕ್ಕೆ ಮುಂಚೆ ಒಂದೂ ಇಲ್ಲ ಅತ್ತೆ. ಎಲ್ಲಾ ತಪ್ಪಿಹೋಯ್ತು.”

ಅವರ ಮುಖ ನಿಧಾನಕ್ಕೆ ಅರಳಿತು. “ಹಾಗಾದ್ರೆ ಪರವಾಗಿಲ್ಲ ಬಿಡಿ. ದಸರೆಯಿಂದ ಇಲ್ಲೀವರ್ಗೂ ತಡೀತಲ್ಲ. ಈ ಕೋವಿಯಿಂದ ಒಂದು ಜೀವಕ್ಕೂ ತೊಂದ್ರೆ ಆಗ್ದೇ ಇರ್ಲಿ ತಾಯಿ ಅಂತ ಚಾಮುಂಡೇಶ್ವರೀನ ಬೇಡ್ಕೊಂಡಿದ್ದೆ. ಅಕ್ಷತೆ ಹಾಕಿದ್ರೆ ಆ ನುಣುಪು ಕಬ್ಬಿಣದ ಮೇಲೆ ಒಂದೂ ನಿಲ್ತಾನೇ ಇರ್ಲಿಲ್ಲ, ಜಾರಿ ಜಾರಿ ಬೀಳ್ತಿತ್ತು. ಅದಕ್ಕೇ ನೀವು ಫೋನು ತರೋಕೆ ಹೋದಾಗ ಕೆಳಗಡೆ ಸಂದೀಲಿ ನಾಲ್ಕು ಕಾಳು ಸಿಕ್ಕಿಸಿದ್ದೆ. ಬಿದ್ದೋಗಿರ್ಬೇಕು. ಇರ್ಲಿ, ಮುಂದಿನ ದಸರೆಗೆ ಬರ್ತೀನಲ್ಲ, ಆಗ ಜಾಸ್ತಿ ಹಾಕ್ತೀನಿ.”

ವಿದ್ಯಾ ಸೆರಗಿಲ್ಲದ ಕಾರಣ ತನ್ನ ಸ್ವೆಟರಿನ ತೋಳನ್ನೇ ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಾನು ಅತ್ತೆಗೆ ನಮಸ್ಕಾರ ಹೇಳಿ ಫೋನಿಟ್ಟು ಕುಳಿತೆ. ಒಂದೂವರೆ ತಿಂಗಳು ನಾನು ಗಾಳಿಯನ್ನು ಅಳೆದೆ, ಗುಂಡು ತೂಗಿದೆ, ಒಂದು ಠಾಣೆಯ ಅಧಿಕಾರಿಯ ತಾಳ್ಮೆ ಪರೀಕ್ಷಿಸಿದೆ. ಅತ್ತೆ ಕಣ್ಣು ಮುಚ್ಚಿ ಒಂದು ಮಾತು ಬೇಡಿಕೊಂಡು, ಅದು ನೆರವೇರುವುದಕ್ಕೆ ಬೇಕಾದ ಏರ್ಪಾಡನ್ನೂ ತಾವೇ ಮಾಡಿ ಹೋಗಿದ್ದರು. ಕೆಲಸ ಮಾಡುವ ಕ್ರಮ ಎಂದರೆ ಅದು.

ಆಗ ನನಗೆ ಹೊಳೆಯಿತು: ಹೇಳಿ ಮಾಡಿಸುವ ಕೋವಿಗೆ ಈಗಲೇ ನಿಜವಾದ ಕಾರಣ ಹುಟ್ಟಿರುವುದು! ಹಳೆಯದು ಬೆಟ್ಟಕ್ಕೆ, ಹೊಸ ಆರೂವರೆ ಪೂಜೆಗೆ. ಅತ್ತೆಯ ಮನಸ್ಸೂ ನೋಯುವುದಿಲ್ಲ, ಶೇಮಸ್‌ನ ಸಸಿಯೂ ಉಳಿಯುತ್ತದೆ. ಅರ್ಜಿಯ ಕಾರಣ ಎಂಬಲ್ಲಿ ಏನು ಬರೆಯುವುದು ಎಂಬುದೊಂದು ಸಣ್ಣ ತೊಡಕು, ಅಷ್ಟೇ. ಹೊಸ ಪುಟ ತೆಗೆದು ಗೆರೆ ಎಳೆದೆ. ಅಡುಗೆಮನೆಗೆ ಹೋಗಿ ವಿದ್ಯಾಳಿಗೆ ಹೇಳಿದೆ. ಅವಳು ಕುಕ್ಕರಿಗೆ ಅಕ್ಕಿ ಹಾಕುತ್ತಿದ್ದಳು. ತಲೆಯೆತ್ತದೆಯೇ, “ಹಬ್ಬದ ದಿನ ಕೋವೀನ ಪೆಟ್ಟಿಗೆ ಒಳಗೇ ಬಿಡು. ಬೀಗ ಹಾಕಿರೋ ಪೆಟ್ಟಿಗೆಗೆ ಅಮ್ಮ ಪೂಜೆ ಮಾಡ್ಲಿ” ಎಂದಳು.

ಇದೂ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅವಳ ಸಲಹೆಯಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ. ಅದೇ ಅದರ ದೊಡ್ಡ ತಪ್ಪು. ಕೇಳಿಸದವನ ಹಾಗೆ ಹಜಾರಕ್ಕೆ ಬಂದು ಫ್ರಾಂಕ್‌ಗೆ ಫೋನು ಮಾಡಿ, ಆರೂವರೆಯ ಕೋವಿಯಲ್ಲಿ ನಳಿಗೆಗೂ ಮರಕ್ಕೂ ನಡುವೆ ಎಷ್ಟು ಸಂದಿ ಬಿಡುತ್ತೀರಿ, ಅಕ್ಕಿಕಾಳು ಸಲೀಸಾಗಿ ಕೂರುತ್ತದೆಯೇ ಎಂದು ವಿಚಾರಿಸಿದೆ. ಅವನು ಮರುಕದಿಂದ, “ಅಂದರೆ ಇಲಿಯ ಕಾಟ ಇನ್ನೂ ಹೋಗಿಲ್ಲವೇ?” ಎಂದ.

“ಹೋಗಿದೆ. ವೀಸಾ ಸಿಕ್ಕಿದರೆ ಅಕ್ಟೋಬರಿಗೆ ಮತ್ತೆ ಬರುತ್ತದೆ” ಎಂದೆ.

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ವಿದ್ಯಾ ನಿಂತಿದ್ದಳು, ಕೈಯಲ್ಲಿ ಕುಕ್ಕರಿನ ಮುಚ್ಚಳ. ಆ ನೋಟ ಯಾವ ಕ್ಯಾಲಿಬರಿನದು ಎಂದು ನನ್ನ ಯಾವ ಕೋಷ್ಟಕದಲ್ಲೂ ಇಲ್ಲ. ಗುರಿ ಮಾತ್ರ ತಪ್ಪಲಿಲ್ಲ.